‘ಕಾರ್ಡ್ ನಡೀತದೇನ್ರಿ ಸಾಹೇಬ್ರೆ?’: ಐಸಿಯು ಡಾಕ್ಟರೊಬ್ಬನ ಅನುಭವ

ಕಲಬುರಗಿಯಲ್ಲಿ ಐಸಿಯು ಬಾಗಿಲು ತೆಗೆದು ಹೊರಗೆ ಬಂದರೆ ಸಾಕು, ಮನೆಯವರು ಎರಡು ಪ್ರಶ್ನೆ ಕೇಳುತ್ತಾರೆ. ಪೇಷಂಟ್ ಹೆಂಗಿದಾರ? ಕಾರ್ಡ್ ನಡೀತದೇನ್ರಿ? ಅಂದರೆ ರೇಷನ್ ಕಾರ್ಡೋ ಇನ್ಶೂರೆನ್ಸ್ ಕಾರ್ಡೋ ತೋರಿಸಿದರೆ ಬಿಲ್ಲಿಗೆ ಆಗುತ್ತದೆಯೇ ಅಂತ. ಎರಡನೆಯದನ್ನು ಇನ್ಶೂರೆನ್ಸ್ ಡೆಸ್ಕಿನವರಿಗೆ ಬಿಟ್ಟು ಒಳಗೆ ಹೋಗಬಹುದು. ನಾನು ಹಾಗೆ ಮಾಡುವುದಿಲ್ಲ. ವೆಂಟಿಲೇಟರ್ ಮೇಲಿರುವವನ ಮನೆಯವರು ದುಡ್ಡಿಗೆ ಹೆದರಿ ಅರ್ಧಕ್ಕೇ ಬಿಡಿಸಿಕೊಂಡು ಹೋದರೆ ನನ್ನ ಓದು ಅವರಿಗೆ ಏನು ಉಪಯೋಗ?

ಓದಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಎಂಬಿಬಿಎಸ್ ಆದ ಮೇಲೆ ಮೂರು ವರ್ಷ ಅನಸ್ತೇಷಿಯಾದಲ್ಲಿ (ಅರಿವಳಿಕೆ) ಎಂಡಿ. ಆಮೇಲೆ ಇಂಡಿಯನ್ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್‌ನವರ, ಅಂದರೆ ಐಸಿಯು ಚಿಕಿತ್ಸೆಯ ಡಾಕ್ಟರುಗಳ ಸಂಘದ, ಡಿಪ್ಲೊಮಾ. ಈಗ ಬರುವವರಿಗೆ ಮೂರು ವರ್ಷದ ಡಿಎಂ (ಎಂಡಿ ಆದ ಮೇಲಿನ ಸೂಪರ್ ಸ್ಪೆಷಾಲಿಟಿ ಪದವಿ) ದಾರಿಯೂ ಇದೆ. ಗಂಟಲಿಗೆ ಟ್ಯೂಬ್ ಹಾಕುವುದು, ವೆಂಟಿಲೇಟರ್ ನಡೆಸುವುದು, ಬಿಪಿ ಎತ್ತಿ ಹಿಡಿಯುವುದು ಅನಸ್ತೇಷಿಯಾದಲ್ಲೇ ಕೈಗೆ ಹತ್ತಿತ್ತು. ಕಿಡ್ನಿ, ಶ್ವಾಸಕೋಶ, ಮೆದುಳು ಎಲ್ಲವನ್ನೂ ಒಟ್ಟಿಗೆ ನೋಡುತ್ತಾ ದಿನಗಟ್ಟಲೆ ಹಾಸಿಗೆ ಪಕ್ಕ ನಿಲ್ಲುವುದನ್ನು ಕ್ರಿಟಿಕಲ್ ಕೇರ್ ಕಲಿಸಿತು.

‘ಸರ್, ನೀವು ಯಾವ ಇನ್ಶೂರೆನ್ಸ್ ತಗೋತೀರಿ?’ ಅಂತ ಕೇಳುವವರಿದ್ದಾರೆ. ನಮ್ಮಲ್ಲಿ ಕ್ಯಾಶ್‌ಲೆಸ್ ಒಪ್ಪಂದ, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಒಪ್ಪಂದ, ಆಗುವುದು ಆಸ್ಪತ್ರೆ ಹೆಸರಲ್ಲಿ. ಖಾಸಗಿ ಆಸ್ಪತ್ರೆಗಳಿಗೆ ರಾಜ್ಯದ ಕಾಯ್ದೆಯಂತೆ ಬೇಕಾದ ಕೆಪಿಎಂಇ ನೋಂದಣಿ, ಇನ್ಶೂರೆನ್ಸ್ ಕಂಪನಿಗಳು ಆಸ್ಪತ್ರೆಯನ್ನು ಗುರುತಿಸಲು ನೋಡುವ ರೋಹಿಣಿ ನಂಬರ್, ಬೆಡ್ ಎಷ್ಟು, ವೆಂಟಿಲೇಟರ್ ಎಷ್ಟು, ರಾತ್ರಿ ಡಾಕ್ಟರ್ ಇರುತ್ತಾರಾ ಅನ್ನುವ ವಿವರ ಎಲ್ಲ ಫೈಲಿಗೆ ಹೋಗುತ್ತದೆ. ಅದೇ ಫೈಲಿನಲ್ಲಿ ನನ್ನ ಸರ್ಟಿಫಿಕೇಟ್, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನಂಬರ್ ಕೂಡ ಇರುತ್ತದೆ.

ಬಡವರ ದೊಡ್ಡ ಚಿಕಿತ್ಸೆಗೆ ಸರ್ಕಾರ ದುಡ್ಡು ಕೊಡುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಆಮೇಲೆ 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಬಂತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಬರಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ತುರ್ತು ಚಿಕಿತ್ಸೆಗೆ ಮಾತ್ರ ಬೇಡ. ಯೋಜನೆ ಶುರುವಾದಾಗಿನ 1,650 ಚಿಕಿತ್ಸೆಗಳಲ್ಲಿ 169 ತುರ್ತು ಪಟ್ಟಿಯಲ್ಲಿದ್ದವು. ಹಾಗಾಗಿ ಪೇಷಂಟ್ ಬಂದ ಮೊದಲ ಗಂಟೆಯಲ್ಲಿ ನಾನು ಬರೆಯುವ ನೋಟ್ ಬಹಳ ಮುಖ್ಯ. ಅದನ್ನು ಹಾಸಿಗೆ ಪಕ್ಕ ನಿಂತೇ, ಟೈಮ್ ಹಾಕಿ ಬರೆಯುತ್ತೇನೆ. ಉಸಿರು ನಿಮಿಷಕ್ಕೆ ಎಷ್ಟು, ಆಕ್ಸಿಜನ್ ಎಷ್ಟಿತ್ತು, ಬಿಪಿಗೆ ಯಾವ ಔಷಧಿ ಎಷ್ಟು ಓಡುತ್ತಿದೆ, ಎಲ್ಲ ಅಂಕಿಯಲ್ಲಿ. ‘ಸೀರಿಯಸ್ ಇದ್ದಾರೆ’ ಅಂತ ಬರೆದರೆ ದೂರದಲ್ಲಿ ಕೂತು ಅಪ್ರೂವಲ್ ಕೊಡುವ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

ತೊಗರಿ, ಹತ್ತಿಗೆ ಎಣ್ಣಿ ಹೊಡೆಯುವ ಕಾಲ ಬಂದರೆ ಈ ನೋಟಿನ ಬೆಲೆ ಇನ್ನೂ ಜಾಸ್ತಿ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಅನ್ನೋದು. ಆರ್ಗನೊಫಾಸ್ಫರಸ್ ಎಣ್ಣಿ ಮೈಗೆ ಹೋದರೆ ಬೆವರು, ಜೊಲ್ಲು, ಎದೆ ತುಂಬ ಕಫ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಎದೆ ಸ್ವಚ್ಛ ಆಗುವವರೆಗೆ ಅಟ್ರೋಪಿನ್ ಕೊಡುತ್ತಾ ಹೋಗುತ್ತೇವೆ. ಮರುದಿನ ಪೇಷಂಟ್ ಮಾತಾಡುತ್ತಾನೆ, ಮನೆಯವರು ಸಮಾಧಾನ ಆಗುತ್ತಾರೆ. ನನಗೆ ಹೆದರಿಕೆ ಇರುವುದು ಅಲ್ಲಿಂದ ಮುಂದೆ. ಒಂದರಿಂದ ನಾಲ್ಕು ದಿನದೊಳಗೆ ಕತ್ತಿನ ಮಾಂಸಖಂಡ ಸೋತು, ಆಮೇಲೆ ಉಸಿರಾಟವೂ ಸೋಲಬಹುದು. ಅದಕ್ಕೇ ‘ಪೇಷಂಟ್ ಚೆನ್ನಾಗಿದ್ದಾರಲ್ಲ, ಐಸಿಯು ಯಾಕೆ?’ ಅಂತ ಅಪ್ರೂವಲ್ ಕೊಡುವವರಿಂದ ಕ್ವೆರಿ ಬರುವ ಮೊದಲೇ ಬರೆದಿಡುತ್ತೇನೆ: ದಿಂಬಿನಿಂದ ತಲೆ ಎತ್ತಲು ಆಗುತ್ತದೆಯೇ, ಎಷ್ಟು ಸೆಕೆಂಡ್ ಹಿಡಿಯುತ್ತಾರೆ, ಇಷ್ಟಿಷ್ಟು ಹೊತ್ತಿಗೊಮ್ಮೆ ನೋಡಿದ್ದು ಹೀಗೆ ಅಂತ. ಈ ಕ್ವೆರಿಗಳಿಗೆ ಉತ್ತರ ಬರೆಯುವಾಗ ಬೇರೆ ಡಾಕ್ಟರುಗಳು ಸಿಟ್ಟಾಗುವುದನ್ನು ಕಂಡಿದ್ದೇನೆ. ನನಗೆ ಅವು ನ್ಯಾಯವಾದ ಪ್ರಶ್ನೆ ಅನಿಸುತ್ತವೆ. ಕೇಳುವವರು ಪೇಷಂಟನ್ನು ನೋಡಿಲ್ಲ ಅಲ್ವಾ?

ಇಂಥ ಕೇಸಿನಲ್ಲಿ ಇನ್ನೊಂದು ಕಷ್ಟ ಇದೆ. ತಾನೇ ಕುಡಿದದ್ದಾದರೆ ಹಲವು ಖಾಸಗಿ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ‘ಹೊಲದಾಗ ಗಾಳಿಗೆ ಮುಖಕ್ಕ ಬಡೀತು ಅಂತ ಬರೀರಿ ಸಾಹೇಬ್ರೆ’ ಅಂತ ಅಣ್ಣತಮ್ಮಂದಿರು ಕೈಮುಗಿಯುತ್ತಾರೆ. ಯಾರು ಏನು ಹೇಳಿದರೋ ಅವರ ಹೆಸರಿನ ಸಮೇತ ಅಷ್ಟನ್ನೇ ಬರೆಯುತ್ತೇನೆ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ದಾಖಲು, ಮಾಡುತ್ತೇವೆ. ಸುಳ್ಳು ಬರೆಯುವುದಿಲ್ಲ, ನನ್ನ ಊಹೆಯನ್ನೂ ಬರೆಯುವುದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕರೆಸಿ ಯೋಜನೆಯಲ್ಲಿ ಏನು ಸಾಧ್ಯ ಅಂತ ಆ ಹೊತ್ತಿಗೇ ವಿಚಾರಿಸುತ್ತೇನೆ.

ಶುಗರ್ ಇರುವವರ ಕೇಸಿನಲ್ಲೂ ಹುಷಾರಾಗಿರಬೇಕು. ‘ಎಷ್ಟು ವರ್ಷದಿಂದ ಶುಗರ್?’ ಅಂದರೆ ಗಾಬರಿಯಲ್ಲಿರುವ ಅಳಿಯ ಸುಮ್ನೆ ‘ಹತ್ತು ವರ್ಷ ಆಗಿರಬಹುದು’ ಅಂದುಬಿಡುತ್ತಾನೆ. ಆ ಒಂದು ಮಾತು ಕೇಸ್ ಶೀಟಿಗೆ ಇಳಿದರೆ, ಪಾಲಿಸಿ ಮಾಡಿಸುವಾಗ ಕಾಯಿಲೆ ಮುಚ್ಚಿಟ್ಟಿದ್ದಾರೆ ಅಂತ ಕ್ಲೇಮ್ ನಿಲ್ಲಬಹುದು. ನಾನು ಹಳೆಯ ಚೀಟಿ ತರಿಸುತ್ತೇನೆ, ಅದರ ತಾರೀಖು ನೋಡಿ ಬರೆಯುತ್ತೇನೆ. ಚೀಟಿ ಇಲ್ಲದಿದ್ದರೆ ‘ಅಳಿಯನ ಅಂದಾಜು’ ಅಂತ ಸ್ಪಷ್ಟವಾಗಿ ನಮೂದಿಸುತ್ತೇನೆ. ಪಾಲಿಸಿ ಸತತವಾಗಿ 60 ತಿಂಗಳು ನಡೆದಿದ್ದರೆ, ಮೋಸ ಅಂತ ಸಾಬೀತಾಗದ ಹೊರತು, ಈ ಕಾರಣಕ್ಕೆ ಕ್ಲೇಮ್ ತಳ್ಳುವಂತಿಲ್ಲ. ಮನೆಯವರಿಗೆ ಇದನ್ನೂ ಹೇಳುತ್ತೇನೆ.

2024ರಲ್ಲಿ ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ತಂದ ನಿಯಮದಿಂದ ನಮಗೆ ಬಹಳ ಅನುಕೂಲ ಆಗಿದೆ. ಕ್ಯಾಶ್‌ಲೆಸ್ ಕೇಳಿದ ಒಂದು ಗಂಟೆಯೊಳಗೆ ಉತ್ತರ, ಡಿಸ್ಚಾರ್ಜ್‌ಗೆ ಮೂರು ಗಂಟೆಯೊಳಗೆ ಕೊನೆಯ ಒಪ್ಪಿಗೆ ಕೊಡಬೇಕು. ಪೇಷಂಟ್ ತೀರಿಕೊಂಡರೆ ಕ್ಲೇಮನ್ನು ಕೂಡಲೇ ಮುಗಿಸಿ, ಹೆಣ ತಕ್ಷಣ ಮನೆಯವರಿಗೆ ಸಿಗುವಂತೆ ಮಾಡಬೇಕು. ಆಳಂದದ ಆಚೆಯಿಂದ, ಸುರಪುರದಿಂದ ಬಂದ ಮನೆಯವರು ಒಂದು ಒಪ್ಪಿಗೆಗಾಗಿ ರಾತ್ರಿಯಿಡೀ ಕಾಯುವುದನ್ನು ನೋಡಲಾಗುವುದಿಲ್ಲ. ಹಾಗಾಗಿ ಆ ಒಪ್ಪಿಗೆಗೆ ಬೇಕಾದ ಡಿಸ್ಚಾರ್ಜ್ ಸಮರಿಯನ್ನು ಜೂನಿಯರ್‌ಗೆ ಬಿಡದೆ ನಾನೇ ಕೂತು ಬರೆದು ಕಳಿಸುತ್ತೇನೆ.

ಬೀದರ್, ಯಾದಗಿರಿ ಕಡೆಯಿಂದ ಫೋನ್ ಮಾಡುವವರಿಗೆ ಹೇಳುವುದು ಇಷ್ಟು. ಹತ್ತಿರದ ಆಸ್ಪತ್ರೆ ನಿಮ್ಮ ಕಂಪನಿಯ ನೆಟ್‌ವರ್ಕ್‌ನಲ್ಲಿ ಇಲ್ಲದಿದ್ದರೂ ತುರ್ತಿನಲ್ಲಿ ಅಲ್ಲೇ ಸೇರಿಸಿ. ಸೇರಿಸಿದ 48 ಗಂಟೆಯೊಳಗೆ ಕಂಪನಿಗೆ ತಿಳಿಸಿ ಕ್ಯಾಶ್‌ಲೆಸ್ ಕೇಳಬಹುದು. ಬರುವಾಗ ರೇಷನ್ ಕಾರ್ಡ್, ಆಧಾರ್, ಪಾಲಿಸಿ ಕಾಗದ, ಹಳೆಯ ಚೀಟಿಗಳು ಜೊತೆಗಿರಲಿ. ಎಣ್ಣಿ ಕೇಸಾದರೆ ಆ ಡಬ್ಬಿಯನ್ನೂ ತನ್ನಿ. ಅದರ ಮೇಲಿನ ಹೆಸರು ಓದಿದರೆ ಔಷಧಿ ಶುರು ಮಾಡುವುದಕ್ಕೂ ನೋಟ್ ಬರೆಯುವುದಕ್ಕೂ ನನಗೆ ಬೇಗ ಆಗುತ್ತದೆ.