ಪಕ್ಕೆಲುಬಿಗೆ ಪೆಟ್ಟಾದರೆ ಗುರುತಿಸುವುದು ಹೇಗೆ, ಚೇತರಿಸಿಕೊಳ್ಳುವುದು ಹೇಗೆ?

ಪಕ್ಕೆಗೆ ಏಟು ಬಿದ್ದವರು ಮೊದಲು ಕೇಳುವ ಪ್ರಶ್ನೆ, ‘ಮೂಳೆ ಮುರಿದಿದೆಯಾ?’ ಕೇಳಬೇಕಾದ್ದೇ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ, ‘ಪೂರ್ತಿ ಉಸಿರು ಎಳೆದುಕೊಳ್ಳಲು ಆಗ್ತಿದೆಯಾ?’ ಪಕ್ಕೆಲುಬು ಬಹುಪಾಲು ಸಲ ತಾನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ನೋವಿಗೆ ಹೆದರಿ ಅರ್ಧರ್ಧ ಉಸಿರಾಡುತ್ತಾ ಕೂತರೆ ಶ್ವಾಸಕೋಶದ ತಳದಲ್ಲಿ ಕಫ ಕಟ್ಟಿಕೊಂಡು ನ್ಯುಮೋನಿಯಾಕ್ಕೆ ತಿರುಗಬಹುದು. ಮುಂದೆ ಹೇಳುವ ಮಾತ್ರೆ, ದಿಂಬು, ನಡಿಗೆ ಎಲ್ಲವೂ ಉಸಿರು ಸರಾಗವಾಗಲಿ ಅಂತಲೇ.

ಮೊದಲ ಹೆಜ್ಜೆ: ಅಪಾಯದ ಲಕ್ಷಣ ಇದೆಯಾ ನೋಡಿ

ಸುಮ್ಮನೆ ಕೂತಿದ್ದರೂ ಏದುಸಿರು ಬರುವುದು, ಕೆಮ್ಮಿದರೆ ರಕ್ತ ಕಾಣಿಸುವುದು, ತುಟಿ ನೀಲಿಗಟ್ಟುವುದು, ತಲೆ ಸುತ್ತಿ ಕಣ್ಣು ಕತ್ತಲಿಡುವುದು, ಇವುಗಳಲ್ಲಿ ಒಂದಿದ್ದರೂ ತಡ ಮಾಡದೆ ಆಸ್ಪತ್ರೆಗೆ ಹೊರಡಿ. ಉಸಿರು ಎಳೆದಾಗ ಎದೆಯ ಒಂದು ಭಾಗ ಉಬ್ಬುವ ಬದಲು ಒಳಕ್ಕೆ ಹೋಗುತ್ತಿದ್ದರೆ, ಅಕ್ಕಪಕ್ಕದ ಹಲವು ಎಲುಬುಗಳು ಎರಡೆರಡು ಕಡೆ ಮುರಿದಿರಬಹುದು. ಇದು ತುರ್ತು ಪರಿಸ್ಥಿತಿ. ಚರ್ಮದ ಮೇಲೆ ಬೆರಳಿಟ್ಟರೆ ಅಡಿಯಲ್ಲಿ ಕರಕರ ಅನ್ನುತ್ತಿದ್ದರೂ ಅಷ್ಟೇ. ಶ್ವಾಸಕೋಶದಿಂದ ಗಾಳಿ ಸೋರಿ ಅಲ್ಲಿ ಸೇರಿಕೊಂಡಿರುವ ಸೂಚನೆ ಅದು.

ಕೆಳಗಿನ ಎಲುಬುಗಳಿಗೆ ಬಿದ್ದ ಪೆಟ್ಟನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವುಗಳ ಮರೆಯಲ್ಲಿ ಎಡಕ್ಕೆ ಗುಲ್ಮ (ಸ್ಪ್ಲೀನ್), ಬಲಕ್ಕೆ ಲಿವರ್, ಹಿಂದುಗಡೆ ಕಿಡ್ನಿಗಳಿವೆ. ಪೆಟ್ಟು ಬಿದ್ದದ್ದು ಎಡಪಕ್ಕೆಗೆ, ಆದರೆ ಎಡಭುಜದ ತುದಿಯೂ ನೋಯುತ್ತಿದೆ ಅಂದರೆ ಗುಲ್ಮದಿಂದ ಒಳಗೇ ರಕ್ತ ಸೋರುತ್ತಿರಬಹುದು. ಹೊಟ್ಟೆ ಬಿಗಿಯಾಗಿ ನೋಯುವುದು, ಮೂತ್ರದಲ್ಲಿ ರಕ್ತ ಬರುವುದು ಕೂಡ ಹಾಗೇ ಕಾಯದೆ ತೋರಿಸಬೇಕಾದ ಲಕ್ಷಣಗಳು. ಎತ್ತರದಿಂದ ಬಿದ್ದವರು, ವಾಹನ ಗುದ್ದಿದವರು, 65 ದಾಟಿದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ನೋವು ಕಡಿಮೆ ಇದ್ದರೂ ವೈದ್ಯರಿಗೆ ತೋರಿಸಲೇಬೇಕು. ಮಕ್ಕಳ ವಿಷಯವೂ ಹಾಗೇ. ಅವರ ಎಲುಬು ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಹಾಗಾಗಿ ಮುರಿಯದಿದ್ದರೂ ಒಳಗಿನ ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು.

ಏಟೇ ಬಿದ್ದಿಲ್ಲ, ಆದರೂ ಎದೆ ನೋವು ಅಂತಾದರೆ ಅದು ಬೇರೆಯೇ ವಿಷಯ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದು, ಬೆವರು ಬರುತ್ತಿದ್ದರೆ ಹೃದಯಾಘಾತ ಇರಬಹುದು. ಪಕ್ಕೆ ಹಿಡಿದುಕೊಂಡಿದೆ ಅಂದುಕೊಂಡು ದಯವಿಟ್ಟು ಮಲಗಬೇಡಿ.

ಎರಡನೇ ಹೆಜ್ಜೆ: ಯಾವ ಬಗೆಯ ಪೆಟ್ಟು?

ನಮ್ಮ ಎದೆಗೂಡಿನಲ್ಲಿ ಪಕ್ಕೆಲುಬುಗಳು 12 ಜೊತೆ. ಮೇಲಿನ 7 ಜೊತೆ ಮೆತ್ತನೆಯ ಕಾರ್ಟಿಲೇಜ್ (ಮೃದು ಎಲುಬು) ಮೂಲಕ ನೇರವಾಗಿ ಎದೆಯ ನಡುಮೂಳೆಗೆ ಸೇರುತ್ತವೆ. ಮುಂದಿನ 3 ಜೊತೆ ತಮ್ಮ ಮೇಲಿನದರ ಕಾರ್ಟಿಲೇಜಿಗೆ ಅಂಟಿಕೊಂಡಿರುತ್ತವೆ. ಕೊನೆಯ 2 ಜೊತೆಗೆ ಮುಂದುಗಡೆ ಯಾವ ಆಸರೆಯೂ ಇಲ್ಲ. ಉಸಿರು ಎಳೆದಾಗ ಕೆಳಗಿನ ಎಲುಬುಗಳು ಬಕೆಟಿನ ಹಿಡಿಕೆ ಎತ್ತಿದ ಹಾಗೆ ಪಕ್ಕಕ್ಕೂ ಮೇಲಕ್ಕೂ ಏಳುತ್ತವೆ. ಜಾಸ್ತಿ ಮುರಿಯುವುದು ನಡುವಿನವು, ಅಂದರೆ 4ರಿಂದ 9ರವರೆಗಿನವು.

ಪೆಟ್ಟಾದಾಗ ಮೂಳೆ ಜಜ್ಜಿರಬಹುದು, ಬಿರುಕು ಬಿಟ್ಟಿರಬಹುದು, ಕಾರ್ಟಿಲೇಜ್ ಕಿತ್ತಿರಬಹುದು ಅಥವಾ ಎಲುಬುಗಳ ನಡುವಿನ ಸ್ನಾಯು ಉಳುಕಿರಬಹುದು. ಎಲ್ಲಕ್ಕೂ ಲಕ್ಷಣ ಹೆಚ್ಚುಕಡಿಮೆ ಒಂದೇ. ಉಸಿರು ಎಳೆದರೆ, ಸೀನಿದರೆ, ನಕ್ಕರೆ, ಮಗ್ಗುಲು ಬದಲಿಸಿದರೆ ಚಳುಕು. ‘ಇಲ್ಲೇ’ ಅಂತ ಒಂದು ಬೆರಳಲ್ಲಿ ತೋರಿಸುವಷ್ಟು ಖಚಿತವಾದ ಜಾಗದಲ್ಲಿ ನೋವಿದ್ದರೆ, ಅಥವಾ ಪೆಟ್ಟಾದ ಹೊತ್ತಲ್ಲಿ ‘ಟಕ್’ ಅಂದಿದ್ದರೆ ಬಿರುಕಿನ ಸಾಧ್ಯತೆ ಹೆಚ್ಚು. ಒಮ್ಮೆ ಮೆಲ್ಲಗೆ ಮುಟ್ಟಿ ನೋಡಿದರೆ ಸಾಕು. ಮತ್ತೆ ಮತ್ತೆ ಒತ್ತಬೇಡಿ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂದರೆ ನೋವು ಸುಳ್ಳು ಅಂತಲ್ಲ. ಸಣ್ಣ ಬಿರುಕುಗಳು ಎಷ್ಟೋ ಸಲ ಎಕ್ಸ್‌ರೇಗೆ ಸಿಕ್ಕುವುದಿಲ್ಲ, ಕಾರ್ಟಿಲೇಜ್ ಅಂತೂ ಸಾಮಾನ್ಯವಾಗಿ ಅದರಲ್ಲಿ ಕಾಣುವುದೇ ಇಲ್ಲ. ಶ್ವಾಸಕೋಶದ ಸುತ್ತ ಗಾಳಿಯೋ ರಕ್ತವೋ ತುಂಬಿಕೊಂಡಿದೆಯಾ ಎಂದು ನೋಡುವುದೇ ಎಕ್ಸ್‌ರೇಯ ಮುಖ್ಯ ಕೆಲಸ. ಅನುಮಾನ ಉಳಿದರೆ ವೈದ್ಯರು ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಸಣ್ಣ ಬಿರುಕಾದರೂ ಬರೀ ಜಜ್ಜಿದ ಪೆಟ್ಟಾದರೂ ಮನೆಯ ಆರೈಕೆ ಒಂದೇ ಆಗಿರುವುದರಿಂದ, ಹೆಸರಿಗಾಗಿ ಸ್ಕ್ಯಾನ್ ಮೇಲೆ ಸ್ಕ್ಯಾನ್ ಬೇಕಿಲ್ಲ.

ಮೂರನೇ ಹೆಜ್ಜೆ: ನೋವನ್ನು ಸಹಿಸಿಕೊಂಡು ಕೂರಬೇಡಿ

‘ಮಾತ್ರೆ ಯಾಕೆ, ತಡೆದುಕೊಳ್ತೀನಿ’ ಎನ್ನುವವರು ತುಂಬ ಜನ. ಬೇರೆ ಪೆಟ್ಟಿಗೆ ಅದು ನಡೆದೀತು, ಪಕ್ಕೆಗೆ ನಡೆಯುವುದಿಲ್ಲ. ನೋವು ತಗ್ಗಿದರೆ ಮಾತ್ರ ಆಳವಾಗಿ ಉಸಿರಾಡಲು, ಕೆಮ್ಮಿ ಕಫ ತೆಗೆಯಲು ಆಗುತ್ತದೆ. ಮೊದಲ ಕೆಲವು ದಿನ ವೈದ್ಯರು ಹೇಳಿದ ಮಾತ್ರೆಯನ್ನು ಹೊತ್ತು ಹೊತ್ತಿಗೆ ತೆಗೆದುಕೊಳ್ಳಿ. ಪ್ಯಾರಾಸಿಟಮಾಲ್ ದೊಡ್ಡವರಿಗೂ 24 ಗಂಟೆಯಲ್ಲಿ 4 ಗ್ರಾಂ ಮೀರಬಾರದು. ಲಿವರ್ ತೊಂದರೆ ಇರುವವರಿಗೆ, ತೂಕ ಕಡಿಮೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಐಬುಪ್ರೊಫೆನ್ ಥರದವು ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರಿಗೆ ಆಗಿಬರುವುದಿಲ್ಲ, ಕೇಳಿಯೇ ತೆಗೆದುಕೊಳ್ಳಿ. ಜೋರು ನೋವಿಗೆ ಕೊಡುವ ಟ್ರಮಡಾಲ್‌ನಂಥ ಮಾತ್ರೆಯಿಂದ ಮಲಬದ್ಧತೆ ಆಗಬಹುದು. ತಿಣುಕಿದರೆ ಪಕ್ಕೆ ಇನ್ನೂ ನೋಯುತ್ತದೆ, ಅದಕ್ಕೂ ಔಷಧಿ ಕೇಳಿಟ್ಟುಕೊಳ್ಳಿ.

ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ, 15-20 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ ಇಡಿ. ಎದೆಗೆ ಬಿಗಿಯಾಗಿ ಪಟ್ಟಿ ಕಟ್ಟುವುದು ಹಳೇ ಪದ್ಧತಿ, ಈಗ ವೈದ್ಯರು ಬೇಡ ಅನ್ನುತ್ತಾರೆ. ಪಟ್ಟಿ ಕಟ್ಟಿದರೆ ಹಾಯೆನಿಸುವುದು ನಿಜ, ಆದರೆ ಎದೆ ಅರಳಲು ಬಿಡುವುದಿಲ್ಲ.

ನಾಲ್ಕನೇ ಹೆಜ್ಜೆ: ಉಸಿರಿನ ಅಭ್ಯಾಸ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಎಚ್ಚರ ಇರುವಷ್ಟು ಹೊತ್ತೂ ಗಂಟೆಗೊಮ್ಮೆ ಬೆನ್ನು ನೇರ ಮಾಡಿ ಕೂತುಕೊಳ್ಳಿ. ಮೂಗಿನಿಂದ ನಿಧಾನವಾಗಿ, ಆಗುವಷ್ಟು ಆಳವಾಗಿ ಉಸಿರು ಎಳೆಯಿರಿ. ಎರಡು ಮೂರು ಸೆಕೆಂಡ್ ಹಿಡಿದು, ತುಟಿ ಕಿರಿದು ಮಾಡಿ ಬಿಡಿ. ಹೀಗೆ 10 ಸಲ. ತಲೆ ತಿರುಗಿದರೆ ನಡುವೆ ನಿಲ್ಲಿಸಿ. ಆಸ್ಪತ್ರೆಯಲ್ಲಿ ಮೂರು ಚೆಂಡುಗಳಿರುವ ಸ್ಪೈರೋಮೀಟರ್ ಎಂಬ ಉಸಿರಿನ ಅಭ್ಯಾಸದ ಸಾಧನ ಕೊಟ್ಟಿದ್ದರೆ ಅದರ ಕೊಳವೆಯನ್ನು ಊದಬಾರದು, ಒಳಕ್ಕೆ ಎಳೆಯಬೇಕು. ಚೆಂಡು ಮೇಲೆದ್ದು ಸ್ವಲ್ಪ ಹೊತ್ತು ನಿಂತರೆ ಉಸಿರು ಸರಿಯಾಗಿ ಹೋಗುತ್ತಿದೆ ಎಂದರ್ಥ.

ಕೆಮ್ಮು ಬಂದರೆ ತಡೆಯಬೇಡಿ. ಒಂದು ದಿಂಬನ್ನು ಮಡಚಿ ನೋವಿರುವ ಜಾಗಕ್ಕೆ ಒತ್ತಿ ಹಿಡಿಯಿರಿ. ಸ್ವಲ್ಪ ಮುಂದಕ್ಕೆ ಬಾಗಿ ಕೆಮ್ಮಿ. ದಿಂಬಿನ ಆಸರೆಗೆ ಎಲುಬು ಕಡಿಮೆ ಅಲುಗುತ್ತದೆ. ಸೀನು ಬಂದರೂ ಹೀಗೇ ಮಾಡಿ. ಬೀಡಿ, ಸಿಗರೇಟು ಈಗ ಬೇಡವೇ ಬೇಡ. ಕೆಮ್ಮು, ಕಫ ಎರಡೂ ಜಾಸ್ತಿಯಾಗುತ್ತವೆ.

ಐದನೇ ಹೆಜ್ಜೆ: ಮಲಗುವುದು, ಏಳುವುದು, ಓಡಾಡುವುದು

ಮೊದಲ ವಾರ ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಅರ್ಧ ಕೂತಂತೆ ಮಲಗಿದರೆ ಉಸಿರು ಹಗುರ. ಏಳುವಾಗ ಹೊಟ್ಟೆ ಬಿಗಿದು ನೇರವಾಗಿ ಎದ್ದರೆ ಜೀವ ಹೋದಂತಾಗುತ್ತದೆ. ಮೊಣಕಾಲು ಮಡಚಿ, ಭುಜ ಮತ್ತು ಸೊಂಟವನ್ನು ಒಟ್ಟಿಗೆ ಹೊರಳಿಸಿ ನೋವಿಲ್ಲದ ಮಗ್ಗುಲಿಗೆ ಬನ್ನಿ. ಕಾಲು ಮಂಚದಿಂದ ಕೆಳಗಿಳಿಸಿ, ಮೊಣಕೈಯಿಂದ ಮಂಚವನ್ನು ಒತ್ತಿ ಎದ್ದು ಕೂರಿ. ದಿನವಿಡೀ ಮಲಗಿರುವುದು ಒಳ್ಳೆಯದಲ್ಲ. ಮನೆಯೊಳಗೇ ಆದರೂ ಆಗಾಗ ನಡೆಯಿರಿ. ಭಾರ ಎತ್ತುವುದು, ತಳ್ಳುವುದು, ಸೊಂಟ ತಿರುಚುವುದು ಸದ್ಯಕ್ಕೆ ಬೇಡ. ನಿದ್ದೆ ಬರಿಸುವ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅಥವಾ ತಟ್ಟನೆ ಹಿಂದೆ ತಿರುಗಿ ನೋಡಲು ಆಗದಿದ್ದರೆ, ಗಾಡಿ ಓಡಿಸಬೇಡಿ.

ವಾಸಿಯಾಗಲು ಎಷ್ಟು ದಿನ?

ಜಜ್ಜಿದ ಪೆಟ್ಟು ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ ತಿಳಿಯಾಗುತ್ತದೆ. ಮುರಿದ ಎಲುಬು ಕೂಡಿಕೊಳ್ಳಲು ಸುಮಾರು 6 ವಾರ ಬೇಕು, ಕೆಲವರಿಗೆ ನೋವು ಅದಕ್ಕೂ ಮುಂದೆ ಎಳೆಯುತ್ತದೆ. ಕಾರ್ಟಿಲೇಜ್ ಇನ್ನೂ ನಿಧಾನ. ದಿನದಿನಕ್ಕೆ ಹೋಲಿಸಿದರೆ ಬೇಜಾರಾಗುತ್ತದೆ, ವಾರಕ್ಕೊಮ್ಮೆ ಹೋಲಿಸಿ ನೋಡಿ. ಕಡಿಮೆಯಾಗುತ್ತಿದ್ದ ನೋವು ಮತ್ತೆ ಹೆಚ್ಚಿದರೆ, ಜ್ವರ ಬಂದರೆ, ಕಫ ಹಳದಿಯೋ ಹಸಿರೋ ಆದರೆ ವೈದ್ಯರ ಬಳಿ ಮತ್ತೆ ಹೋಗಿ. ಮೈಕೈ ತಾಗುವ ಆಟಗಳಿಗೆ ಅವರು ಒಪ್ಪಿದ ಮೇಲೆ ಮಾತ್ರ ಇಳಿಯಿರಿ.

ದೊಡ್ಡ ಪೆಟ್ಟೇ ಇಲ್ಲದೆ, ಬರೀ ಕೆಮ್ಮಿಗೋ ಮೆಲ್ಲಗೆ ತಾಗಿದ್ದಕ್ಕೋ ಎಲುಬು ಬಿರುಕು ಬಿಟ್ಟಿದ್ದರೆ, ಪಕ್ಕೆ ವಾಸಿಯಾಯಿತು ಅಂತ ಅಲ್ಲಿಗೇ ಬಿಡಬೇಡಿ. ಮೂಳೆ ಸವೆದಿರಬಹುದು, ಮುಟ್ಟು ನಿಂತ ಹೆಂಗಸರಲ್ಲಿ ಇದು ಜಾಸ್ತಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕಾ ಅಂತ ವೈದ್ಯರನ್ನು ನೀವೇ ಕೇಳಿ.