ಅಮ್ಮ ಆಸ್ಟ್ರೇಲಿಯಾದಲ್ಲಿ, ಮಗು ಊರಲ್ಲಿ: 445 ವೀಸಾಕ್ಕೆ ಅರ್ಜಿ ಹಾಕುವುದು ಹೇಗೆ?

ಮರುಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋದ ತಾಯಿ, ಅಜ್ಜಿ ಮನೆಯಲ್ಲಿ ಉಳಿದ ಮಗು. ಇಂಥ ಮೂರು ಮನೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೂರರಲ್ಲೂ ಅರ್ಜಿ ನಿಂತಿದ್ದು ಒಂದೇ ಜಾಗದಲ್ಲಿ: ಮಗುವಿನ ತಂದೆಯ ಸಹಿ. ಒಂದು ಮನೆಯಲ್ಲಂತೂ ಆ ಸಹಿ ಬರುವಷ್ಟರಲ್ಲಿ ಮಗು ಎರಡನೇ ಕ್ಲಾಸು ಮುಗಿಸಿ ಮೂರಕ್ಕೆ ಬಂದಿತ್ತು. ಅದಕ್ಕೇ ಈ ಲೇಖನದಲ್ಲಿ ಬೇರೆ ಹಂತಗಳನ್ನು ಬೇಗ ಮುಗಿಸಿ, ಸಹಿಯ ವಿಷಯವನ್ನು ಜಾಸ್ತಿ ಹೇಳುತ್ತೇನೆ.

ಮೊದಲು, ಈ ವೀಸಾ ನಿಮಗೆ ಬೇಕೇ?

ಆಸ್ಟ್ರೇಲಿಯಾದ ಸಂಗಾತಿ ವೀಸಾ ಎರಡು ಮೆಟ್ಟಿಲಿನದು. ಮೊದಲು ತಾತ್ಕಾಲಿಕ ವೀಸಾ: ಹೊರಗಿನಿಂದ ಅರ್ಜಿ ಹಾಕಿದವರಿಗೆ 309, ಅಲ್ಲೇ ಇದ್ದು ಹಾಕಿದವರಿಗೆ 820. ಆಮೇಲೆ ಖಾಯಂ ವೀಸಾ: ಕ್ರಮವಾಗಿ 100 ಮತ್ತು 801. ತಾಯಿಯೋ ತಂದೆಯೋ ಈ ಎರಡು ಮೆಟ್ಟಿಲುಗಳ ನಡುವೆ ಇರುವಾಗ ಮಗುವನ್ನು ಕರೆಸಿಕೊಳ್ಳಲು ಇರುವುದೇ 445. ಇದು ತಾತ್ಕಾಲಿಕ ವೀಸಾ. ಮಗು ಅಲ್ಲಿ ಇರಬಹುದು, ಓದಬಹುದು, ಊರಿಗೆ ಬಂದು ಹೋಗಬಹುದು.

ನಿಮ್ಮ 309 ಅಥವಾ 820 ಇನ್ನೂ ತೀರ್ಮಾನ ಆಗಿಲ್ಲ ಅಂದರೆ 445ರ ತಂಟೆಗೇ ಹೋಗಬೇಡಿ. ಅದೇ ಅರ್ಜಿಗೆ ಮಗುವಿನ ಹೆಸರನ್ನೂ ಸೇರಿಸಬಹುದು. ಇದೇ ಒಳ್ಳೆಯ ದಾರಿ. "ಮೊದಲು ನಾನು ಹೋಗ್ತೀನಿ, ಮಗು ವಿಷಯ ಆಮೇಲೆ ನೋಡೋಣ" ಎಂದು ಮಗು ಇರುವುದನ್ನೇ ಅರ್ಜಿಯಲ್ಲಿ ಬರೆಯದವರೂ ಇದ್ದಾರೆ. ದಯವಿಟ್ಟು ಆ ತಪ್ಪು ಮಾಡಬೇಡಿ. ಮಗು ಜೊತೆಗೆ ಬರದಿದ್ದರೂ ಹೆಸರು ಬರೆಯಲೇಬೇಕು.

ಇನ್ನೊಂದು ಮಾತು. ಆಸ್ಟ್ರೇಲಿಯಾದಲ್ಲೇ ಹುಟ್ಟಿದ ಮಗುವಿನ ತಂದೆ ಅಥವಾ ತಾಯಿ ಆಗ ಅಲ್ಲಿನ ಪ್ರಜೆಯೋ ಖಾಯಂ ನಿವಾಸಿಯೋ ಆಗಿದ್ದರೆ, ಆ ಮಗು ಹುಟ್ಟಿನಿಂದಲೇ ಅಲ್ಲಿನ ಪ್ರಜೆ. ಅಂಥ ಮಗುವಿಗೆ ಯಾವ ವೀಸಾವೂ ಬೇಡ.

ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ

ಸಂಗಾತಿ ವೀಸಾಕ್ಕೆ ಅರ್ಜಿ ಹಾಕಿದ ದಿನದಿಂದ ಸಾಮಾನ್ಯವಾಗಿ 2 ವರ್ಷಕ್ಕೆ ಖಾಯಂ ವೀಸಾದ ಪರಿಶೀಲನೆ ಶುರುವಾಗುತ್ತದೆ. ಆ ದಿನಕ್ಕೆ ಕೆಂಪು ಗುರುತು ಹಾಕಿ. ಮಗುವಿನ 445 ಕೈಗೆ ಬರುವ ಮೊದಲೇ ನಿಮ್ಮ ಖಾಯಂ ವೀಸಾ ಮಂಜೂರಾಗಿಬಿಟ್ಟರೆ ಈ ಬಾಗಿಲು ಮುಚ್ಚಿತು. ಆಗ ಬೇರೆಯದೇ ವೀಸಾ, ಬೇರೆಯದೇ ಶುಲ್ಕ. ಮಗು ಹೊರಗಿದ್ದರೆ 101, ಅಲ್ಲೇ ಇದ್ದರೆ 802. ಹಾಗಾಗಿ ನಿಮ್ಮ ತಾತ್ಕಾಲಿಕ ವೀಸಾ ಬಂದ ವಾರವೇ ಮಗುವಿನ ಕಾಗದಪತ್ರ ಶುರು ಮಾಡಿ. ಮನೆ ಹಿಡಿದು, ಕೆಲಸ ಸಿಕ್ಕಿ, ಎಲ್ಲ ನೆಲೆಯಾಗಲಿ ಎಂದು ಕಾದರೆ ವರ್ಷ ಕಳೆದದ್ದೇ ಗೊತ್ತಾಗುವುದಿಲ್ಲ.

ಕಾಗದಪತ್ರ

ಮಗುವಿನ ಪಾಸ್‌ಪೋರ್ಟ್, ಇಬ್ಬರು ಹೆತ್ತವರ ಹೆಸರೂ ಇರುವ ಜನನ ಪ್ರಮಾಣಪತ್ರ, ಫೋಟೊ, ನಿಮ್ಮ ವೀಸಾ ಪತ್ರ, ಡಿವೋರ್ಸ್ ಆಗಿದ್ದರೆ ಅದರ ಸರ್ಟಿಫೈಡ್ ಕಾಪಿ. ಕನ್ನಡದಲ್ಲಿರುವ ಪ್ರತಿಯೊಂದಕ್ಕೂ ಇಂಗ್ಲಿಷ್ ಅನುವಾದ ಬೇಕು. ಅನುವಾದವನ್ನು ಭಾರತದಲ್ಲಿ ಮಾಡಿಸಿದರೆ ಅನುವಾದಕರ ಪೂರ್ಣ ಹೆಸರು, ವಿಳಾಸ, ಫೋನ್ ನಂಬರ್, ಅರ್ಹತೆ ಅದರ ಮೇಲೆ ಇರಬೇಕು. ಆಸ್ಟ್ರೇಲಿಯಾದಲ್ಲಾದರೆ ನಾಟಿ (NAATI, ಅನುವಾದಕರಿಗೆ ಮಾನ್ಯತೆ ಕೊಡುವ ಅಲ್ಲಿನ ಸಂಸ್ಥೆ) ಮಾನ್ಯತೆ ಇರುವವರಿಂದಲೇ ಮಾಡಿಸಿ. ಟೈಪಿಂಗ್ ಅಂಗಡಿಯಲ್ಲಿ ಅನುವಾದಿಸಿ ನೋಟರಿ ಸೀಲು ಒತ್ತಿಸಿಕೊಂಡು ಬರುವವರಿದ್ದಾರೆ. ಸೀಲು ಎಷ್ಟೇ ದೊಡ್ಡದಿದ್ದರೂ ಅನುವಾದಕರ ವಿವರ ಇಲ್ಲದಿದ್ದರೆ ಪ್ರಯೋಜನವಿಲ್ಲ.

ಇನ್ನೊಬ್ಬ ಹೆತ್ತವರ ಒಪ್ಪಿಗೆ: ಇಲ್ಲಿ ನಿಧಾನಿಸಿ

18 ವರ್ಷದೊಳಗಿನ ಮಗು ಎಲ್ಲಿ ವಾಸಿಸಬೇಕು ಎಂದು ಹೇಳುವ ಕಾನೂನಿನ ಹಕ್ಕು ಯಾರ್‍ಯಾರಿಗೆ ಇದೆಯೋ ಅವರೆಲ್ಲರ ಒಪ್ಪಿಗೆ ಬೇಕು. ಇಲ್ಲವೇ ಒಪ್ಪಿಗೆ ಬೇಕಿಲ್ಲ ಎಂದು ತೋರಿಸುವ ಕೋರ್ಟ್ ಆದೇಶ ಬೇಕು. ತಂದೆ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಕೊಡಬೇಕು. ಒಪ್ಪಿಗೆ ಕೊಡಲು ಫಾರ್ಮ್ 1229 ಇದೆ.

ಜನ ಹೆಚ್ಚು ಎಡವುವುದು ಡಿವೋರ್ಸ್ ಆದೇಶದ ಮೇಲೆ. "ಕಸ್ಟಡಿ ನನಗೇ ಕೊಟ್ಟಿದ್ದಾರಲ್ಲ, ಇನ್ನೇನು?" ಅನ್ನುತ್ತಾರೆ. ಆ ಆದೇಶವನ್ನು ತೆಗೆದು ಪೂರ್ತಿ ಓದಿ. ಮಗು ತಾಯಿಯ ಬಳಿ ಇರತಕ್ಕದ್ದು ಎಂಬ ಸಾಲಿನ ಕೆಳಗೇ, ತಂದೆ ತಿಂಗಳಿಗೆ ಎರಡು ಭಾನುವಾರ ಮಗುವನ್ನು ನೋಡಬಹುದು ಎಂಬ ಸಾಲು ಇರುತ್ತದೆ. ಮಗು ಮೆಲ್ಬರ್ನ್‌ಗೆ ಹೋದರೆ ಆ ಭಾನುವಾರಗಳ ಗತಿಯೇನು? ವೀಸಾ ಅಧಿಕಾರಿಗೆ ಬರುವ ಪ್ರಶ್ನೆಯೂ ಅದೇ. ಮಗುವನ್ನು ಸಾಕುವ ಹಕ್ಕು ಬೇರೆ, ದೇಶ ಬಿಟ್ಟು ಕರೆದೊಯ್ಯುವ ಹಕ್ಕು ಬೇರೆ. ನಮ್ಮ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 26ನೇ ಸೆಕ್ಷನ್ ಕೂಡ, ಕೋರ್ಟ್ ನೇಮಿಸಿದ ಪೋಷಕರು ಅನುಮತಿ ಇಲ್ಲದೆ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಿಂದ ಆಚೆ ಒಯ್ಯುವಂತಿಲ್ಲ ಎನ್ನುತ್ತದೆ.

ತಂದೆ ಒಪ್ಪುವವರಾದರೆ 1229ಕ್ಕೆ ಸಹಿ ಹಾಕಿಸಿ. ಸಹಿ ಇರುವ ಅವರ ಗುರುತಿನ ದಾಖಲೆಯ ಪ್ರತಿಯನ್ನೂ ಜೊತೆಗಿಡಿ. ಎರಡು ಸಹಿಗಳನ್ನು ಪಕ್ಕಪಕ್ಕ ಇಟ್ಟು ನೀವೇ ನೋಡಿ. ನಾನು ಕಂಡ ಒಂದು ಅರ್ಜಿಯಲ್ಲಿ ತಂದೆಯ ಡ್ರೈವಿಂಗ್ ಲೈಸೆನ್ಸ್ ಮೇಲೆ ದುಂಡಗಿನ ಕನ್ನಡ ಸಹಿ ಇತ್ತು, ಫಾರ್ಮ್ ಮೇಲೆ ಇಂಗ್ಲಿಷ್‌ನಲ್ಲಿ ಗೀಚಿದ ಎರಡಕ್ಷರ. ಹಾಕಿದ್ದು ಅವರೇ. ಆದರೂ ಮತ್ತೆ ಪತ್ರ ಬಂತು, ಮತ್ತೆ ಅವರನ್ನು ಹುಡುಕಿಕೊಂಡು ಹೋಗಬೇಕಾಯಿತು.

ಹಿಂದೆ ಟೂರಿಸ್ಟ್ ವೀಸಾಕ್ಕೆ ಪಡೆದಿದ್ದ ಒಪ್ಪಿಗೆಯ ಜೆರಾಕ್ಸ್ ಇಲ್ಲಿ ಸಾಲದು. ರಜೆಗೆ ಕಳಿಸಲು ಒಪ್ಪಿದವರು ಅಲ್ಲೇ ನೆಲೆಸಲು ಒಪ್ಪಿದ್ದಾರೆ ಎಂದಾಗುವುದಿಲ್ಲ. ಅದಕ್ಕೇ 1229ರ ಜೊತೆ ಒಂದು ಅಫಿಡವಿಟ್ ಮಾಡಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮಗು ತಾಯಿಯ ಜೊತೆ ಆಸ್ಟ್ರೇಲಿಯಾದಲ್ಲಿ ಖಾಯಂ ಆಗಿ ವಾಸಿಸಲು ಒಪ್ಪಿಗೆ ಇದೆ, 445ಕ್ಕೂ ಮುಂದಿನ ಖಾಯಂ ವೀಸಾಕ್ಕೂ ಒಪ್ಪಿಗೆ ಇದೆ ಎಂದು ಅದರಲ್ಲಿ ಸ್ಪಷ್ಟವಾಗಿರಲಿ. ಸ್ಟ್ಯಾಂಪ್ ಪೇಪರ್ ಮಾರುವ ಕಡೆ ಸಿಗುವ ರೆಡಿಮೇಡ್ ನಮೂನೆ ಬೇಡ. ಅದರಲ್ಲಿ "ವಿದೇಶ ಪ್ರವಾಸಕ್ಕೆ" ಎಂದಷ್ಟೇ ಇರುವುದನ್ನು ನೋಡಿದ್ದೇನೆ.

ಕೇಳುವ ರೀತಿಯೂ ಮುಖ್ಯ. ಮೊದಲೇ ಲಾಯರ್ ನೋಟಿಸ್ ಕಳಿಸಿದರೆ ಒಪ್ಪುವವರೂ ಬಿಗಿಯಾಗುತ್ತಾರೆ. ಎರಡೂ ಕಡೆಗೆ ಬೇಕಾದ ಹಿರಿಯರೊಬ್ಬರು ಹೋಗಿ ಕೂತು ಮಾತಾಡಲಿ. ಮಗು ಯಾವ ಊರಲ್ಲಿ ಇರುತ್ತದೆ, ಯಾವ ಶಾಲೆಗೆ ಹೋಗುತ್ತದೆ, ರಜೆಗೆ ಯಾವಾಗ ಬರುತ್ತದೆ, ವಾರಕ್ಕೆ ಎಷ್ಟು ಸಲ ವಿಡಿಯೊ ಕಾಲ್ ಮಾಡುತ್ತದೆ, ಎಲ್ಲ ಬರೆದುಕೊಡಿ. ಬರೆದುಕೊಟ್ಟಂತೆ ನಡೆಯಿರಿ. ಅದು ಆ ತಂದೆಗೂ ಮಗುವೇ ಅಲ್ವಾ.

ಒಪ್ಪದಿದ್ದರೆ, ಅಥವಾ ಎಲ್ಲಿದ್ದಾರೆ ಎಂದೇ ಗೊತ್ತಿಲ್ಲದಿದ್ದರೆ, ಮಗುವನ್ನು ಆಸ್ಟ್ರೇಲಿಯಾಕ್ಕೆ ಖಾಯಂ ಆಗಿ ಕರೆದೊಯ್ಯಲು ಫ್ಯಾಮಿಲಿ ಕೋರ್ಟಿನಲ್ಲಿ ಅನುಮತಿ ಕೇಳಬೇಕು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಕೆಂಪು ಗುರುತು ಹಾಕಿ ಎಂದಿದ್ದು ಇದಕ್ಕೇ. ಯಾರೋ "ಸಹಿ ನಾವೇ ಹಾಕಿಸಿಕೊಡ್ತೀವಿ" ಎಂದರೆ ಅಲ್ಲಿಂದ ಎದ್ದು ಬನ್ನಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ, ಮುಂದಿನ ಅರ್ಜಿಗಳಿಗೂ 3 ವರ್ಷ ತೊಡಕಾಗಬಹುದು.

ನಿಮ್ಮ ಡಿವೋರ್ಸ್ ಇನ್ನೂ ನಡೆಯುತ್ತಿದ್ದರೆ ನೀವು ಅದೃಷ್ಟವಂತರು. ಮಗುವಿಗೆ ಪಾಸ್‌ಪೋರ್ಟ್ ಮತ್ತು ವೀಸಾ ಪಡೆಯಲು, ಖಾಯಂ ಆಗಿ ವಿದೇಶಕ್ಕೆ ಕರೆದೊಯ್ಯಲು ತಂದೆಯ ಒಪ್ಪಿಗೆ ಇದೆ ಎಂಬ ಸಾಲನ್ನು ರಾಜಿ ಪತ್ರದಲ್ಲೇ ಬರೆಸಿ. ಈ ಒಂದು ಸಾಲು ಮುಂದೆ ಎಷ್ಟೋ ಅಲೆದಾಟ ಉಳಿಸುತ್ತದೆ.

ಫಾರ್ಮ್ ತುಂಬುವುದು

ಮಗುವಿನ ಅರ್ಜಿಗೆ ಫಾರ್ಮ್ 47ಸಿಎಚ್, ಪ್ರಾಯೋಜಕರಿಗೆ (ಸ್ಪಾನ್ಸರ್) ಫಾರ್ಮ್ 40ಸಿಎಚ್. ನಿಮ್ಮ ಸಂಗಾತಿ ವೀಸಾಕ್ಕೆ ಪ್ರಾಯೋಜಕರಾದವರೇ ಇಲ್ಲೂ ಆಗಬೇಕು. ಅವರ ಪೊಲೀಸ್ ದಾಖಲೆಯನ್ನೂ ಕೇಳುತ್ತಾರೆ. ಮಕ್ಕಳ ಸುರಕ್ಷತೆಗೆ ಇರುವ ನಿಯಮ ಅದು, ಬೇಜಾರು ಬೇಡ. ಶುಲ್ಕ ಸಾಮಾನ್ಯವಾಗಿ ಪ್ರತಿ ಜುಲೈ 1ಕ್ಕೆ ಬದಲಾಗುತ್ತದೆ. ಕಟ್ಟುವ ದಿನ ಅಲ್ಲಿನ ಗೃಹ ವ್ಯವಹಾರ ಇಲಾಖೆಯ ವೆಬ್‌ಸೈಟ್‌ನಲ್ಲೇ ಮೊತ್ತ ನೋಡಿಕೊಳ್ಳಿ.

ಏಜೆಂಟ್ ಬೇಕೆನಿಸಿದರೆ ಆಸ್ಟ್ರೇಲಿಯಾದ ನೋಂದಣಿ ಸಂಖ್ಯೆ ಕೇಳಿ, ಸರ್ಕಾರಿ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ನಂಬರ್ ಕೇಳಿದಾಗ ಮಾತು ತಿರುಗಿಸುವವರಿಗೆ ದುಡ್ಡು ಕೊಡಬೇಡಿ.

ಮಗುವನ್ನು ಟೂರಿಸ್ಟ್ ವೀಸಾದಲ್ಲಿ ಕರೆಸಿಕೊಂಡು ಅಲ್ಲಿಂದಲೇ ಅರ್ಜಿ ಹಾಕುವ ಅಡ್ಡದಾರಿಯನ್ನು ಹಲವರು ಹೇಳುತ್ತಾರೆ. ಆ ವೀಸಾ ಪತ್ರದಲ್ಲಿ 8503 ಎಂಬ ಷರತ್ತು ಇದ್ದರೆ, ಅಲ್ಲಿದ್ದುಕೊಂಡು ಬೇರೆ ವೀಸಾ ಕೇಳಲು ಸಾಮಾನ್ಯವಾಗಿ ಆಗುವುದಿಲ್ಲ. ಟಿಕೆಟ್ ತೆಗೆಯುವ ಮೊದಲು ಷರತ್ತುಗಳನ್ನು ಓದಿ.

ವೈದ್ಯಕೀಯ ತಪಾಸಣೆ

ಇಲಾಖೆಯ ಪಟ್ಟಿಯಲ್ಲಿರುವ ವೈದ್ಯರಲ್ಲೇ ಆಗಬೇಕು. 11 ವರ್ಷ ತುಂಬಿದ ಮಕ್ಕಳಿಗೆ ಎದೆಯ ಎಕ್ಸ್‌ರೇ. 2ರಿಂದ 10 ವರ್ಷದವರಿಗೆ ಟಿಬಿ ಪತ್ತೆಗೆ ರಕ್ತ ಅಥವಾ ಚರ್ಮದ ಪರೀಕ್ಷೆ. ಅಜ್ಜಿ ಕರೆದುಕೊಂಡು ಹೋಗುವುದಾದರೆ ಮಗುವಿನ ಪಾಸ್‌ಪೋರ್ಟ್ ಮೂಲಪ್ರತಿಯನ್ನೇ ಕೊಟ್ಟು ಕಳಿಸಿ.

ವೀಸಾ ಬಂದ ದಿನದ ಕೆಲಸ

445 ಮಂಜೂರಾದ ಮಿಂಚಂಚೆ ಬಂದಾಗ ಮನೆಯಲ್ಲಿ ಹಬ್ಬ. ಹಬ್ಬದ ನಡುವೆ ಒಂದು ಕೆಲಸ ಮರೆತುಹೋಗುತ್ತದೆ. 445 ಬಂದ ಮಾತ್ರಕ್ಕೆ ಮಗುವಿಗೆ ಖಾಯಂ ವೀಸಾ ತಾನಾಗಿ ಬರುವುದಿಲ್ಲ. ನಿಮ್ಮ 100 ಅಥವಾ 801ರ ಅರ್ಜಿಗೆ ಮಗುವನ್ನೂ ಸೇರಿಸಬೇಕು. ನಿಮ್ಮ ಅರ್ಜಿ ತೀರ್ಮಾನವಾಗುವ ಮೊದಲೇ ಸೇರಿಸಬೇಕು. ತಡವಾದರೆ ಮತ್ತೆ 101 ಅಥವಾ 802ರ ದಾರಿಯೇ. ಅಂದೇ ಸಂಜೆ ನಿಮ್ಮ ಅರ್ಜಿಯ ಸಂಖ್ಯೆ, ಮಗುವಿನ 445ರ ಪತ್ರ ಎರಡನ್ನೂ ಮುಂದಿಟ್ಟುಕೊಂಡು ಆ ಕೆಲಸ ಶುರು ಮಾಡಿ. ಇಲಾಖೆಯಿಂದ ಬಂದ ಸ್ವೀಕೃತಿಯಲ್ಲಿ ಮಗುವಿನ ಹೆಸರು ಇದೆಯೇ, ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇದೆಯೇ ಎಂದು ಒಂದೊಂದೇ ಅಕ್ಷರ ಓದಿ ನೋಡಿ. ಆಮೇಲೆ ಅಜ್ಜಿಗೆ ಫೋನ್ ಮಾಡಿ ಟಿಕೆಟ್ ದಿನಾಂಕ ಹೇಳಿ.