ಆಯಿಯ ಟ್ರಂಕು ತೆರೆದ ಮೇಲೆ ನನ್ನ ರೆಟ್ರೊ ಶೂಟ್

ಆಯಿ, ಅಂದರೆ ನನ್ನ ಅಜ್ಜಿ, ನನ್ನ ಮೊಬೈಲ್ ಇಸಿದುಕೊಂಡು ಫೋಟೊಗಳನ್ನು ಒಂದೊಂದಾಗಿ ನೋಡಿದಳು. ಕೊನೆಗೆ, "ಇಂಥಾ ಅರಿವಿ ಯಾವ ಊರಾಗ ಹಾಕ್ತಿದ್ರವಾ? ನಾವಂತೂ ಕಂಡಿಲ್ಲ" ಅಂದಳು.

ಅದು ಫ್ಯಾಷನ್ ಡಿಸೈನ್ ಎರಡನೇ ವರ್ಷದ ಪ್ರಾಜೆಕ್ಟ್. ಒಂದು ಹಳೆಯ ಕಾಲವನ್ನು ಆರಿಸಿಕೊಂಡು, ಅದರಂತೆ ಸ್ಟೈಲ್ ಮಾಡಿ ಫೋಟೊ ತೆಗೆಯಬೇಕಿತ್ತು. ನಾನು 1970ರ ದಶಕ ಅಂತ ಬರೆದುಕೊಟ್ಟಿದ್ದೆ. ಬಾಡಿಗೆಗೆ ಚುಕ್ಕಿ ಫ್ರಾಕ್ ತಂದೆವು. ಬಿಳಿ ಫ್ರೇಮಿನ ಕನ್ನಡಕ, ತಲೆಗೆ ರಿಬ್ಬನ್. ಬೆಳಗಾವಿ ಕೋಟೆಯ ಗೋಡೆ ಹತ್ತಿರ ಸುಡು ಮಧ್ಯಾಹ್ನ ನಿಂತು ನಾನೂರಕ್ಕೂ ಜಾಸ್ತಿ ಫೋಟೊ ತೆಗೆದೆವು. ಮೇಲೆ ಹಳದಿ ಫಿಲ್ಟರ್ ಹಾಕಿದೆವು. ಎಲ್ಲಾ ಸೇರಿ ಕಾಲೇಜಿನ ಗ್ಯಾದರಿಂಗ್ ದಿನದ ಫೋಟೊಗಳ ಹಾಗೆ ಕಂಡವು.

ಆಯಿ ಕೇಳಿದ್ದು ಸರಿ ಇತ್ತು. ನಾನು ತಂದದ್ದು ಬೇರೆ ಯಾವುದೋ ದೇಶದ ಎಪ್ಪತ್ತರ ದಶಕ. ನಮ್ಮ ಮನೆಯ ಎಪ್ಪತ್ತರ ದಶಕ ಅಟ್ಟದ ಮೇಲೆ ಟ್ರಂಕಿನಲ್ಲಿತ್ತು. ಅದನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ.

ಶೂಟ್ ಮತ್ತೊಮ್ಮೆ ಮಾಡೋಣ ಅಂತ ಮರುದಿನ ಟ್ರಂಕು ಇಳಿಸಿದೆವು. ಸೀರೆಗಳಿಗಿಂತ ಮೊದಲು ನಾನು ಹಿಡಿದುಕೊಂಡದ್ದು ಆಲ್ಬಮ್. ಕಪ್ಪು ಹಾಳೆಗಳ ಮೇಲೆ ಮೂಲೆಗೆ ಸಿಕ್ಕಿಸಿದ ಫೋಟೊಗಳು. ಪ್ರತಿ ಫೋಟೊಗೂ ಒಂದೇ ಪ್ರಶ್ನೆ ಕೇಳುತ್ತಾ ಹೋದೆ: ಈ ಸೀರೆ ಯಾವ ಬಣ್ಣ? ಕಪ್ಪು ಬಿಳುಪು ಫೋಟೊದಲ್ಲಿ ಬಣ್ಣ ಉಳಿದಿರುವುದಿಲ್ಲ, ಅದು ಉಟ್ಟವರ ನೆನಪಿನಲ್ಲಿ ಮಾತ್ರ ಇರುತ್ತದೆ. ನಾನು ಕಪ್ಪು ಅಂದುಕೊಂಡ ಸೀರೆ ಗಿಳಿ ಹಸಿರಂತೆ. ಬೂದಿ ಬಣ್ಣ ಅಂದುಕೊಂಡದ್ದು ಗುಲಾಬಿ. ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರೆಟ್ರೊ ಶೂಟ್ ಮಾಡಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಇದನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.

ಒಂದು ಫೋಟೊ ಮುಂದೆ ಬಹಳ ಹೊತ್ತು ಕೂತೆ. ಮದುವೆಗೆ ಮುಂಚೆ ಆಯಿ ಸ್ಟುಡಿಯೊದಲ್ಲಿ ತೆಗೆಸಿಕೊಂಡದ್ದು. ಎತ್ತರದ ಸ್ಟೂಲಿನ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ, ಅದರ ಪಕ್ಕ ಒಂದು ಕೈ. ಗಡಿಯಾರದ ಮುಖ ಮುಂಗೈಯ ಒಳಮಗ್ಗುಲಿಗೆ. ನೆರಿಗೆಗಳು ದಪ್ಪ, ಒಂದರ ಮೇಲೊಂದು ಮೆತ್ತಗೆ ಬಿದ್ದಿವೆ. ಈಗ ನಾವು ಇಸ್ತ್ರಿ ಹೊಡೆದು, ಪಿನ್ ಮೇಲೆ ಪಿನ್ ಚುಚ್ಚಿ, ಹಲಗೆ ಹಾಗೆ ನಿಲ್ಲಿಸುತ್ತೇವೆ. ಆ ಫೋಟೊದಲ್ಲಿ ಭುಜದ ಮೇಲೆ ಒಂದೂ ಪಿನ್ ಇಲ್ಲ. ಸೆರಗು ಜಾರದಂತೆ ಎಡಗೈ ಹಿಡಿದಿದೆ. ಆ ಕೈಯಿಂದಲೇ ನಿಲುವು ಬಂದಿದೆ ಅಂತ ನನಗೆ ಅನಿಸಿತು. ನನ್ನ ಎರಡನೇ ಶೂಟಿನಲ್ಲಿ ಸೆರಗಿಗೆ ಪಿನ್ ಹಾಕಲಿಲ್ಲ. ಮಾಡೆಲ್ ಆದ ಗೆಳತಿಗೆ ಪೋಸ್ ಹೇಳಿಕೊಡುವ ಕೆಲಸವೇ ಬೀಳಲಿಲ್ಲ. ಸೆರಗು ಹಿಡಿದ ಕೂಡಲೇ ಅವಳ ಭುಜ, ಕುತ್ತಿಗೆ ತಾವಾಗಿಯೇ ಸರಿಯಾದವು.

ಅದೇ ಫೋಟೊದಲ್ಲಿ ಆಯಿ ಉದ್ದ ತೋಳಿನ ಬ್ಲೌಸ್ ತೊಟ್ಟಿದ್ದಳು. "ಕಲ್ಪನಾನ ನೋಡಿ ಹೊಲಿಸಿದ್ದು" ಅಂದಳು. ಆಗಿನ ಹುಡುಗಿಯರಿಗೆ ಸಿನಿಮಾದ ಮಿನುಗುತಾರೆ ಕಲ್ಪನಾಳ ಬ್ಲೌಸ್, ಬಳೆ, ದೊಡ್ಡ ಉಂಗುರ ಅಂದರೆ ಅಷ್ಟು ಆಸೆ. ಆಯಿಯ ತವರು ಸಂಕೇಶ್ವರದ ಕಡೆ. ಕಲ್ಪನಾ 1979ರಲ್ಲಿ ತೀರಿಕೊಂಡದ್ದು ಅಲ್ಲೇ ಹತ್ತಿರದ ಗೋಟೂರಿನಲ್ಲಿ. ಆ ಮಾತು ಬಂದಾಗ ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಉದ್ದ ತೋಳಿನ ಬ್ಲೌಸ್ ನನ್ನ ಮೊದಲ ಲುಕ್ ಆಯಿತು.

ಎರಡನೆಯದು ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಇಲ್ಲೇ ನಾನು ದೊಡ್ಡ ತಪ್ಪು ಮಾಡಿದೆ. ಇಳಕಲ್ ಸೀರೆಯಲ್ಲಿ ಮೈ ಬೇರೆ, ಸೆರಗು ಬೇರೆ. ಮೈಯ ಹಾಸು ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಯುವ ನೂಲಿಗೆ, ಸೆರಗಿನ ರೇಷ್ಮೆ ಹಾಸನ್ನು ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಆಯಿಯ ಸೀರೆಯ ಮೈ ಹತ್ತಿ, ಅದು ಗಟ್ಟಿಯಾಗಿತ್ತು. ಕೆಂಪು ರೇಷ್ಮೆ ಸೆರಗು ಮಾತ್ರ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತು ಸೊರಗಿತ್ತು. ಟ್ರಯಲ್ ಮಾಡುವಾಗ ನಾನು ಅದನ್ನು ಜೋರಾಗಿ ಕೊಡವಿದೆ. ಮಡಿಕೆಯ ಗೆರೆ ಹಿಡಿದು ಒಂದು ಗೇಣು ಸೀಳಿಬಿಟ್ಟಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಆಯಿ ಬೈಯಲಿಲ್ಲ. "ಹಳೇ ರೇಶಿಮಿ ಅದು, ಹಸುಗೂಸು ಎತ್ತಿಧಾಂಗ ಎತ್ತಬೇಕವಾ" ಅಂದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಆಮೇಲೆ ಸೀಳಿದ ಕಡೆ ಕೆಳಗೆ ತೆಳು ಮಲ್ ಬಟ್ಟೆ ಇಟ್ಟು, ಸಣ್ಣ ಸೂಜಿಯಿಂದ ಟಾಕಿ ಹಾಕಿದೆ. ಅಲ್ಲಿಂದ ಹಳೆಯ ರೇಷ್ಮೆಗೆ ನಾನು ಸೇಫ್ಟಿ ಪಿನ್ ಮುಟ್ಟಿಸುವುದಿಲ್ಲ. ಎಲ್ಲಾದರೂ ಹಿಡಿಸಲೇಬೇಕಿದ್ದರೆ ಎರಡು ಹೊಲಿಗೆ ಹಾಕಿ, ಶೂಟ್ ಮುಗಿದ ಮೇಲೆ ದಾರ ಬಿಚ್ಚುತ್ತೇನೆ.

ಈ ಲುಕ್ ಕಪ್ಪು ಬಿಳುಪಿನಲ್ಲೇ ಬೇಕಿತ್ತು. ಆದರೆ ಡಿಜಿಟಲ್ ಫೋಟೊದ ಬಣ್ಣ ತೆಗೆದಾಗ ಕೆಂಪು ಸೆರಗು, ಹಸಿರು ಮೈ ಎರಡೂ ಒಂದೇ ಬೂದಿಯಾದವು. ಸೀರೆಯೇ ಕಳೆದುಹೋಯಿತು. ಮನೆಯ ಬಹಳ ಹಳೆಯ ಫೋಟೊಗಳಲ್ಲಿ ಹಾಗಿರಲಿಲ್ಲ. ಅಲ್ಲಿ ಸೆರಗು ಕಪ್ಪಗೆ, ಹಣೆಯ ಕುಂಕುಮ ಇನ್ನೂ ಕಪ್ಪಗೆ. ಕಾರಣ ಹುಡುಕಿದೆ. ಮೊದಲ ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಹಾಗಾಗಿ ಕೆಂಪು ಇದ್ದದ್ದೆಲ್ಲ ಪ್ರಿಂಟಿನಲ್ಲಿ ಕಪ್ಪಾಗುತ್ತಿತ್ತು. ಎಪ್ಪತ್ತರ ಹೊತ್ತಿಗೆ ಎಲ್ಲಾ ಬಣ್ಣದ ಬೆಳಕೂ ತಾಗುವ ಕಪ್ಪು ಬಿಳುಪು ಫಿಲ್ಮ್ ಬಂದು ಬಹಳ ಕಾಲವಾಗಿತ್ತು. ಆದರೂ ಸೀರೆ ಎದ್ದು ಕಾಣಲಿ ಅಂತ ನಾನು ಆ ಹಳೆಯ ಗುಣವನ್ನೇ ಬಳಸಿದೆ. ಎಡಿಟಿಂಗ್‌ನಲ್ಲಿ ಕಪ್ಪು ಬಿಳುಪು ಮಾಡುವ ಕಡೆ ಒಂದೊಂದು ಬಣ್ಣಕ್ಕೂ ಜಾರಿಸುವ ಒಂದು ಪಟ್ಟಿ (ಸ್ಲೈಡರ್) ಇರುತ್ತದೆ. ಕೆಂಪಿನ ಪಟ್ಟಿಯನ್ನು ಕೆಳಗಿಳಿಸಿದೆ, ಹಸಿರನ್ನು ಸ್ವಲ್ಪ ಏರಿಸಿದೆ. ಸೆರಗು ಕಪ್ಪಾಗಿ, ಅದರ ಬಿಳಿ ತೆನೆ ಚಿತ್ತಾರಗಳು ಜೋಳದ ತೆನೆಗಳ ಹಾಗೇ ಮೇಲೆದ್ದವು. ಒಂದು ಎಚ್ಚರಿಕೆ ಬೇಕು. ಕೆಂಪು ಇಳಿಸಿದರೆ ತುಟಿಯೂ ಕಪ್ಪಾಗುತ್ತದೆ, ಮುಖದ ಮೊಡವೆ ಎದ್ದು ಕಾಣುತ್ತವೆ. ಅದಕ್ಕೆ ಆ ದಿನ ಲಿಪ್‌ಸ್ಟಿಕ್ ಹಚ್ಚಲಿಲ್ಲ.

ಹಳದಿ ಫಿಲ್ಟರ್ ಪೂರ್ತಿ ಬಿಟ್ಟೆ. ಆಗಿನ ಕಲರ್ ಫೋಟೊಗಳು ಈಗ ಕೆಂಪು ಹಳದಿಯಾಗಿ ಕಾಣುವುದು ಪ್ರಿಂಟಿನ ನೀಲಿ ಹಸಿರು ಬಣ್ಣ ಮೊದಲು ಮಾಸಿರುವುದರಿಂದ. ತೆಗೆದ ದಿನ ಅವು ಹಾಗಿರಲಿಲ್ಲ. ಮಾಸಿದ್ದನ್ನೇ ಆ ಕಾಲ ಅಂತ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಆಯಿಯ ಗುಲಾಬಿ ಸೀರೆ ಅವತ್ತು ಗುಲಾಬಿಯೇ ಆಗಿತ್ತು, ಅಲ್ವಾ?

ಮೂರನೇ ಲುಕ್ ಕಾಕಾನ ಮಗನದು. ಬೆಲ್‌ಬಾಟಮ್, ದೊಡ್ಡ ಕಾಲರಿನ ಶರ್ಟು. ಖಡೇ ಬಜಾರಿನ ಒಬ್ಬ ಹಿರಿಯ ಟೇಲರ್ ಅಳತೆ ಪಟ್ಟಿ ಹಿಡಿದ ಕೂಡಲೇ "ಮಣಕಾಲಿಗೆ 18, ಕೆಳಗ 26 ಇಂಚು" ಅಂದರು. ಬರೆದುಕೊಳ್ಳಲೂ ಇಲ್ಲ. ಹಿಗ್ಗುವ ಬಟ್ಟೆ ಬೇಡ, ಗಟ್ಟಿ ಟೆರಿಕಾಟ್ ತಾ ಅಂದದ್ದೂ ಅವರೇ. ಹಿಗ್ಗುವ ಬಟ್ಟೆಯಲ್ಲಿ ಆ ಗಂಟೆಯ ಆಕಾರ ನಿಲ್ಲುವುದಿಲ್ಲ.

ಜಾಗದ ಬಗ್ಗೆ ಬಹಳ ಮಾತಾಯಿತು. ವಿಜಯಪುರದ ಗೆಳತಿಯೊಬ್ಬಳು ಗೋಲಗುಮ್ಮಟ ಅಂದಳು. ಅಲ್ಲಿ ಮಾಡೆಲ್, ಟ್ರೈಪಾಡ್ ಇಟ್ಟುಕೊಂಡು ಶೂಟ್ ಮಾಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಬೇಕು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು. 17ನೇ ಶತಮಾನದ ಕಟ್ಟಡದ ಮುಂದೆ ಎಪ್ಪತ್ತರ ದಶಕದ ಸೀರೆ ನಿಲ್ಲಿಸಿದರೆ ನೋಡುವವರ ಕಣ್ಣು ಕಟ್ಟಡಕ್ಕೇ ಹೋಗುತ್ತದೆ. ನನ್ನ ಮೊದಲ ಶೂಟಿನಲ್ಲಿ ಕೋಟೆಯ ಗೋಡೆ ಮಾಡಿದ್ದೂ ಅದನ್ನೇ. ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆಗಳು ಚೆಂದ, ಆದರೆ ಅದು ಸೇನೆಯ ಪ್ರದೇಶ. ಅಲ್ಲಿ ಸುಮ್ನೆ ಕ್ಯಾಮೆರಾ ಎತ್ತುವ ಹಾಗಿಲ್ಲ.

ಕೊನೆಗೆ ಬೆಳಗಾವಿಯ ಶಹಾಪುರದಲ್ಲಿರುವ ಅತ್ತೆಯ ಹೆಂಚಿನ ಮನೆ ಗಟ್ಟಿಯಾಯಿತು. ಪಡಸಾಲೆ, ಮರದ ಕಂಬ, ನೀಲಿ ಸುಣ್ಣ ಹೊಡೆದ ಗೋಡೆ. ಹೊಸ ಸ್ವಿಚ್ ಬೋರ್ಡಿನ ಮೇಲೆ ಕ್ಯಾಲೆಂಡರ್ ನೇತುಹಾಕಿದೆವು. ಉತ್ತರಕ್ಕಿದ್ದ ಕಿಟಕಿಗೆ ಕಾಕಾನ ಬಿಳಿ ಧೋತರ ಕಟ್ಟಿದೆವು. ಇನ್ನೊಂದು ಕಡೆ, ಬೆಳಕು ಮರಳಿ ಮುಖಕ್ಕೆ ಬೀಳಲಿ ಅಂತ, ಥರ್ಮಾಕೋಲ್ ಹಲಗೆ. ಬೇರೆ ಲೈಟ್ ಬಳಸಲಿಲ್ಲ. ಹಳೆಯ ಸ್ಟುಡಿಯೊ ಫೋಟೊಗಳಲ್ಲಿ ಮೂಗಿನ ಪಕ್ಕ ಬೀಳುವ ಮೆತ್ತಗಿನ ನೆರಳು ಆ ಧೋತರದಿಂದಲೇ ಬಂತು.

ಇನ್ನೊಂದು ಕಟ್ಟುಪಾಡು ಹಾಕಿಕೊಂಡೆವು. ಕಾಕಾನ ಬಳಿ ಹಳೆಯ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಇದೆ. ಅದರಲ್ಲಿ ಒಂದು ರೋಲಿಗೆ 12 ಚೌಕ ಫೋಟೊ. ನಾವು ತೆಗೆದದ್ದು ಡಿಜಿಟಲ್‌ನಲ್ಲೇ, ಆದರೆ ಒಂದು ಲುಕ್ಕಿಗೆ 12 ಫೋಟೊ ಮಾತ್ರ, ಎಲ್ಲಾ ಚೌಕ. ಹನ್ನೆರಡನ್ನೂ ಹಿಂದಿನ ರಾತ್ರಿ ನೋಟ್‌ಬುಕ್ಕಿನಲ್ಲಿ ಗೀಚಿಟ್ಟುಕೊಂಡಿದ್ದೆ. ಎಣಿಕೆ ಇದೆ ಅಂದಾಗ ಎಲ್ಲರ ಕಣ್ಣೂ ಚುರುಕಾಯಿತು. ಬೆರಳಿನ ಜೆಲ್ ಪಾಲಿಶ್, ಕಾಲಿನ ಸ್ಪೋರ್ಟ್ಸ್ ಸಾಕ್ಸ್, ಕಂಬದ ಹಿಂದಿನ ಚಾರ್ಜರ್ ವೈರು ಎಲ್ಲವೂ ಕ್ಲಿಕ್ ಮಾಡುವ ಮೊದಲೇ ಸಿಕ್ಕವು.

ತಲೆಯ ಮೇಲೆ ಎತ್ತರದ ತುರುಬು ಕಟ್ಟಿದ್ದು ಆಯಿ. ಚೌರಿ ಸಾಲಲಿಲ್ಲ. ಒಳಗೆ ಕಪ್ಪು ಉಲನ್ನಿನ ಉಂಡೆ ಇಟ್ಟು, ಮೇಲೆ ಕೂದಲು ಹೊದಿಸಿ, ಬಾಚಣಿಕೆಯ ತುದಿಯಿಂದ ಎತ್ತಿ ಎತ್ತಿ ಕೂಡಿಸಿದಳು. ಗಡಿಯಾರವನ್ನೂ ಅವಳೇ ಕೊಟ್ಟಳು. ಎಚ್‌ಎಂಟಿ, ಕೀಲಿ ಕೊಡುವುದು. ಗೆಳತಿ ಅದನ್ನು ಹೊರಮುಖ ಮಾಡಿ ಕಟ್ಟಿಕೊಂಡಾಗ, "ಒಳಗ ತಿರುಗಿಸವಾ" ಅಂದು ತಾನೇ ತಿರುಗಿಸಿದಳು.

ಖರ್ಚು ಜಾಸ್ತಿ ಆಗಲಿಲ್ಲ. ಖಣ, ಪ್ಯಾಂಟಿನ ಬಟ್ಟೆ, ಹೊಲಿಗೆ, ಅಬ್ಬಲಿಗೆ ಹೂವು, ಎಲ್ಲರಿಗೂ ಊಟ. ಸೀರೆ, ಮನೆ, ಬೆಳಕು ಎಲ್ಲಾ ನಮ್ಮವೇ.

ಪ್ರಾಜೆಕ್ಟ್ ಒಪ್ಪಿಸಿದ ಮೇಲೆ ಇಳಕಲ್ ಸೀರೆಯ ಫೋಟೊ ಒಂದನ್ನು ಸುತ್ತ ಬಿಳಿ ಅಂಚು ಬಿಟ್ಟು ಚೌಕವಾಗಿ ಪ್ರಿಂಟ್ ಹಾಕಿಸಿ ಆಯಿಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ಸೆರಗಿನ ಟಾಕಿ ಹಾಕಿದ ಜಾಗ. ಕಾಣಲಿಲ್ಲ. ಆಮೇಲೆ ಫೋಟೊ ತಿರುವಿ, ಹಿಂದೆ ಬಾಲ್ ಪೆನ್ನಿನಿಂದ ತಾರೀಖು ಬರೆದಳು. ಅದರ ಕೆಳಗೆ ಬರೆದದ್ದು: ಸೀರೆ ಹಸಿರು, ಸೆರಗು ಕೆಂಪು.